ಕುಂಬಳದ ಪೀಚು ಉದುರುತ್ತಿದೆಯೇ? ತಾರಸಿಗೆ ಜೇನು ಕರೆಯಿರಿ

ಬೆಂಗಳೂರಿನ ಪುಲಿಕೇಶಿನಗರದ ತಾರಸಿ ತೋಟಗಳಲ್ಲಿ ಕಾಣುವ ಸಾಮಾನ್ಯ ಸಂಕಟವಿದು: ಕುಂಬಳದ ಬಳ್ಳಿ ಹುಲುಸಾಗಿ ಹಬ್ಬುತ್ತದೆ, ಹೂವೂ ಬಿಡುತ್ತದೆ, ಪೀಚು ಮಾತ್ರ ಹಳದಿಯಾಗಿ ಉದುರುತ್ತದೆ. ನಾವು ಗೊಬ್ಬರ ಹೆಚ್ಚಿಸುತ್ತೇವೆ. ಎಷ್ಟೋ ಸಲ ಕೊರತೆಯಿರುವುದು ಗೊಬ್ಬರಕ್ಕಲ್ಲ, ಪರಾಗ ಹೊತ್ತು ತರುವ ಕೀಟಕ್ಕೆ.

ಹಳೆಯ ಬಂಗಲೆಗಳ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಾಗ ಹೂಬಿಡುವ ಮರಗಳು ಹೋದವು. ಒಂಟಿ ಜೇನುಗಳು ಗೂಡು ತೋಡುವ ಮಣ್ಣು ಸಿಮೆಂಟಿನಡಿ ಸೇರಿತು. ಜೊತೆಗೆ ವಾಹನಗಳ ಹೊಗೆ, ದೂಳು. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ವಿಜ್ಞಾನಿಗಳು ಬೆಂಗಳೂರಿನ ಹೆಜ್ಜೇನುಗಳ ಬಗ್ಗೆ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾಲಿನ್ಯವಿರುವ ಜಾಗಗಳಲ್ಲಿ ಹಿಡಿದ ಹುಳುಗಳ ಪೈಕಿ ಶೇ 80ಕ್ಕೂ ಹೆಚ್ಚು 24 ಗಂಟೆಗಳೊಳಗೆ ಸತ್ತಿದ್ದವು. ಅಂಥ ಕಡೆ ಹೂವಿಗೆ ಬರುವ ಜೇನೂ ಕಡಿಮೆ. ಊರಿನ ಗಾಳಿಯನ್ನು ಒಬ್ಬರೇ ಶುದ್ಧ ಮಾಡಲಾಗದು. ಮೇವು, ನೀರು, ನೆಲೆಯನ್ನಂತೂ ಕೊಡಬಹುದು.

1. ವರ್ಷವಿಡೀ ಹೂವಿರಲಿ. ತುಳಸಿ, ಕಾಮಕಸ್ತೂರಿ, ಸಾಸಿವೆ, ಸೂರ್ಯಕಾಂತಿಯನ್ನು ಒಂದರ ಹಿಂದೊಂದು ಹೂಬಿಡುವಂತೆ ಬಿತ್ತಿ. ಕೊತ್ತಂಬರಿಯ ಒಂದೆರಡು ಗಿಡ ಕೀಳದೆ ಹೂವಿಗೆ ಬಿಡಿ. ಒತ್ತು ದಳದ ಹೂವಿಗಿಂತ ಒಂಟಿ ಸುತ್ತಿನ ಹೂವು ಜೇನಿಗೆ ಅನುಕೂಲ.

2. ನೆಲೆ ಕೊಡಿ. ಅಂಗಳದ ಬಿಸಿಲು ಮೂಲೆಯಲ್ಲಿ ಒಂದಿಷ್ಟು ಮಣ್ಣನ್ನು ಅಗೆಯದೆ ಬಿಡಿ. ನೀಲಿ ಪಟ್ಟೆಯ ಜೇನು ಅಲ್ಲಿ ಬಿಲ ತೋಡುತ್ತದೆ. ಕಪ್ಪು ಬಡಗಿ ಜೇನಿಗೆ ಒಣ ಬಿದಿರು, ಮರದ ತುಂಡು ಸಾಕು. ಗೋಡೆಯ ಬಿರುಕಿನಿಂದ ಮೇಣದ ಪುಟ್ಟ ಕೊಳವೆ ಹೊರಬಂದಿದ್ದರೆ ಮುಚ್ಚಬೇಡಿ, ಅದು ಕುಟುಕದ ಮುಜಂಟಿ ಜೇನಿನ ಬಾಗಿಲು.

3. ನೀರಿಡಿ. ಆಳವಿಲ್ಲದ ತಟ್ಟೆಯಲ್ಲಿ ಕಲ್ಲು ಹಾಕಿ, ಕೂರಲು ಜಾಗವಾಗುತ್ತದೆ. ದಿನವೂ ನೀರು ಬದಲಿಸಿ, ಸೊಳ್ಳೆ ಆಗುವುದಿಲ್ಲ.

4. ಹೂವಿನ ಮೇಲೆ ಕೀಟನಾಶಕ ಬೇಡ. ಬೇವಿನೆಣ್ಣೆಯನ್ನೂ ಜೇನು ಮರಳಿದ ಮೇಲೆ, ಸಂಜೆ, ಎಲೆಗಷ್ಟೇ ಸಿಂಪಡಿಸಿ.

5. ಕಟ್ಟಡಕ್ಕೆ ಹೆಜ್ಜೇನು ಕಟ್ಟಿದರೆ ವಿಷ ಹೊಡೆಸಬೇಡಿ. ಅದು ವಲಸೆ ಜೇನು, ಕಾಲ ಮುಗಿದಾಗ ತಾನೇ ಹೋಗುತ್ತದೆ. ಹತ್ತಿರ ಸುಳಿಯಬೇಡಿ, ರಾತ್ರಿ ಅದರ ಬಳಿಯ ದೀಪ ಆರಿಸಿ. ಓಡಾಡುವ ದಾರಿಯಲ್ಲೇ ಇದ್ದರೆ ಅನುಭವಿ ಜೇನುಗಾರರನ್ನು ಕರೆಸಿ.

6. ಜೇನು ಬರುವವರೆಗೆ ಕೈಯಾರೆ ಪರಾಗ ಮುಟ್ಟಿಸಿ. ಕುಂಬಳದ ಹೂವು ಅರಳಿದ ಬೆಳಿಗ್ಗೆಯೇ ಗಂಡು ಹೂ ಕಿತ್ತು, ದಳ ಬಿಡಿಸಿ, ಒಳಗಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಿ. ಬುಡದಲ್ಲಿ ಪುಟ್ಟ ಕಾಯಿ ಇರುವುದೇ ಹೆಣ್ಣು ಹೂ. ಹೀರೆ, ಸೋರೆಗೆ ಸಂಜೆ ಹೊತ್ತು.

ಇನ್ನು ವಾರಕ್ಕೊಮ್ಮೆ ಬೆಳಿಗ್ಗೆ ಹತ್ತು ನಿಮಿಷ ಬದನೆ ಗಿಡದ ಮುಂದೆ ನಿಲ್ಲಿ. ನೀಲಿ ಪಟ್ಟೆಯ ಜೇನು ಹೂವನ್ನು ಅಪ್ಪಿ ಝೇಂಕರಿಸುತ್ತದೆ; ಆ ಕಂಪನಕ್ಕೆ ಕೇಸರದ ತುದಿಯ ರಂಧ್ರದಿಂದ ಪರಾಗ ಅದರ ಹೊಟ್ಟೆಯ ಮೇಲೆ ಉದುರುತ್ತದೆ. ಬಂದ ಜೇನುಗಳನ್ನು ಎಣಿಸಿ, ಕ್ಯಾಲೆಂಡರಿನಲ್ಲಿ ಬರೆದಿಡಿ. ನಿಮ್ಮ ತಾರಸಿ ಅವುಗಳಿಗೆ ಒಗ್ಗುತ್ತಿದೆಯೇ ಎಂಬುದನ್ನು ಆ ಎಣಿಕೆಯೇ ಹೇಳುತ್ತದೆ.