ಖಿನ್ನ ಮನಸ್ಸಿಗೆ ಮೂಕ ಸಂಗಾತಿ

ಖಿನ್ನತೆಗೆ ಒಳಗಾದವನಿಗೆ ವಾರಗಟ್ಟಲೆ ಯಾವುದರಲ್ಲಿಯೂ ರುಚಿ ಇರದು. ನಿದ್ರೆ, ಹಸಿವುಗಳು ಕೆಡುತ್ತವೆ. ಹಾಸಿಗೆಯಿಂದೇಳುವುದೇ ದೊಡ್ಡ ಕಾರ್ಯವಾಗಿ ತೋರುತ್ತದೆ. ಜನರ ಸಂಗವನ್ನು ತಪ್ಪಿಸಿಕೊಳ್ಳುವ ಇಂತಹ ರೋಗಿಯು ಬಾಲವಾಡಿಸುತ್ತ ಬಳಿಗೆ ಬಂದ ನಾಯಿಯನ್ನು ಮಾತ್ರ ದೂಡದಿರುವುದುಂಟು. ಇದೇಕೆ?

ಪ್ರಾಣಿಗಳ ಒಡನಾಟದ ಈ ಗುಣವನ್ನು ಬಲ್ಲವರು ಹಿಂದೆಯೂ ಇದ್ದರು. ಮಾನಸಿಕ ರೋಗಿಗಳನ್ನು ಸರಪಳಿಯಿಂದ ಬಿಗಿಯುತ್ತಿದ್ದ ಕಾಲದಲ್ಲಿ, ಇಂಗ್ಲೆಂಡಿನ ಯಾರ್ಕ್ ನಗರದ ಚಹಾ ವರ್ತಕನಾದ ವಿಲಿಯಂ ಟ್ಯೂಕನು 1796ರಲ್ಲಿ ‘ರಿಟ್ರೀಟ್’ ಎಂಬ ಆರೈಕೆಯ ಮನೆಯನ್ನು ತೆರೆದನು. ಅದರ ಅಂಗಳಗಳಲ್ಲಿ ಮೊಲ, ಕೋಳಿ, ಕಡಲಹಕ್ಕಿ, ಗಿಡುಗಗಳನ್ನು ಸಾಕಿದ್ದರು. (ಮೊಲದ ನೆರೆಯಲ್ಲಿ ಗಿಡುಗವನ್ನಿರಿಸಿದವರ ಧೈರ್ಯವನ್ನು ಮೆಚ್ಚಬೇಕು!) ಇವು ರೋಗಿಗಳಲ್ಲಿ ಸ್ನೇಹಭಾವವನ್ನು ಎಚ್ಚರಿಸುವುವೆಂದು ಟ್ಯೂಕನ ಮೊಮ್ಮಗ ಸ್ಯಾಮ್ಯುಯೆಲನು 1813ರಲ್ಲಿ ಬರೆದನು.

ಅಮೆರಿಕದ ಮನಶ್ಶಾಸ್ತ್ರಜ್ಞ ಬೋರಿಸ್ ಲೆವಿನ್ಸನ್ನನ ಬಳಿಗೆ ಯಾರೊಡನೆಯೂ ಬೆರೆಯದ ಬಾಲಕನೊಬ್ಬನು ಗೊತ್ತಾದ ವೇಳೆಗಿಂತ ಮೊದಲೇ ಬಂದನು. ಕೋಣೆಯಲ್ಲಿದ್ದ ಜಿಂಗಲ್ಸ್ ಎಂಬ ನಾಯಿ ಓಡಿಬಂದು ಅವನನ್ನು ನೆಕ್ಕಿತು. ಹುಡುಗನು ಅದನ್ನು ಅಪ್ಪಿಕೊಂಡನು. ಚಿಕಿತ್ಸಕನೊಡನೆ ಸ್ನೇಹ ಬೆಳೆದುದು ಆ ಬಳಿಕ. 1962ರಲ್ಲಿ ಲೆವಿನ್ಸನ್ನನು ನಾಯಿಯನ್ನು ‘ಸಹಚಿಕಿತ್ಸಕ’ನೆಂದು ಕರೆದು ಲೇಖನವನ್ನು ಪ್ರಕಟಿಸಿದನು.

ದೇಹದೊಳಗೆ ನಡೆಯುವುದೇನು? ಪಿಟ್ಯುಟರಿ ಗ್ರಂಥಿಯಿಂದ ರಕ್ತವನ್ನು ಸೇರುವ ಆಕ್ಸಿಟೋಸಿನ್ ಎಂಬ ಹಾರ್ಮೋನು ತಾಯಿ-ಮಗುವಿನ ಬಾಂಧವ್ಯಕ್ಕೆ ನೆರವಾಗುತ್ತದೆ. ನಾಯಿಯೂ ಒಡೆಯನೂ ಬಹಳ ಹೊತ್ತು ಕಣ್ಣಲ್ಲಿ ಕಣ್ಣಿಟ್ಟು ನೋಡಿದಾಗ ಇದರ ಪ್ರಮಾಣ ಏರುವುದನ್ನು ಜಪಾನಿನ ಸಂಶೋಧಕರು 2015ರಲ್ಲಿ ತೋರಿಸಿದರು. ಮನುಷ್ಯರೇ ಸಾಕಿದ ತೋಳಗಳೊಡನೆ ಹೀಗಾಗಲಿಲ್ಲ.

ಆದರೆ ಹಾರ್ಮೋನಿಗಿಂತ ದಿನಚರಿಯ ಪಾತ್ರವೇ ಹಿರಿದೆಂದು ನಮಗೆ ತೋರುತ್ತದೆ. ಖಿನ್ನನು ಉತ್ಸಾಹ ಬರಲೆಂದು ಕಾಯುತ್ತ ಕೆಲಸವನ್ನು ಬಿಡುತ್ತಾನೆ. ಬಿಟ್ಟಷ್ಟೂ ಸಂತೋಷದ ಸಂದರ್ಭಗಳು ಕಡಮೆಯಾಗಿ ಖಿನ್ನತೆ ಬಲಿಯುತ್ತದೆ. ಹಸಿದ ನಾಯಿ ಅವನ ಉತ್ಸಾಹಕ್ಕಾಗಿ ಕಾಯದು. ಅದಕ್ಕೆ ಅನ್ನವಿಡಲು ಏಳಬೇಕು, ಬೀದಿಗೆ ಕರೆದೊಯ್ಯಬೇಕು. ಅಲ್ಲಿ ಬೆಳಕು, ನಡಿಗೆ, ನೆರೆಯವರ ಒಂದೆರಡು ಮಾತು ದೊರೆಯುತ್ತವೆ. “ಏಕೆ ಹೀಗಿದ್ದೀಯೆ?” ಎಂದು ಅದು ಕೇಳುವುದೂ ಇಲ್ಲ.

ಹಾಗೆಂದು ನಾಯಿಯನ್ನು ಔಷಧವೆಂದು ತಿಳಿಯಲಾಗದು. ಪ್ರಾಣಿ ಸಾಕುವವರಲ್ಲಿ ಖಿನ್ನತೆ ಕಡಮೆಯೇ ಎಂಬುದಕ್ಕೆ ಅಧ್ಯಯನಗಳು ಒಂದೇ ಉತ್ತರವನ್ನು ಕೊಟ್ಟಿಲ್ಲ. ತಾನೇ ಏಳಲಾರದವನ ಮೇಲೆ ಪ್ರಾಣಿಯ ಹೊಣೆಯನ್ನು ಹೊರಿಸಿದರೆ ಇಬ್ಬರೂ ಬಳಲಬಹುದು. ಎರಡು ವಾರ ಕಳೆದರೂ ಮನಸ್ಸು ಕುಗ್ಗಿಯೇ ಇದ್ದಲ್ಲಿ ವೈದ್ಯರನ್ನು ಕಾಣಬೇಕು. ಬದುಕೇ ಬೇಡವೆನಿಸಿದರೆ ಆ ಕ್ಷಣವೇ ನಂಬಿಕೆಯುಳ್ಳ ಒಬ್ಬರಿಗೆ ಹೇಳಬೇಕು. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.