ಗುಳಿಗೆಯ ಬೆಲೆ: ಸ್ಪರ್ಧೆ, ಸರಾಸರಿ ಮತ್ತು ಅಪಸ್ಮಾರ

ಉದ್ದೇಶ: ಸರಾಸರಿ ಮತ್ತು ಶೇಕಡಾ ಲೆಕ್ಕಗಳ ಮೂಲಕ ಔಷಧದ ಬೆಲೆ ನಿರ್ಧಾರವಾಗುವ ಬಗೆಯನ್ನು ತಿಳಿಸುವುದು, ಬೆಲೆಗೂ ಔಷಧದ ನಿಯಮಿತ ಸೇವನೆಗೂ ಇರುವ ಸಂಬಂಧವನ್ನು ಮನಗಾಣಿಸುವುದು.

ವಿಷಯ ವಿವರಣೆ

ಅಪಸ್ಮಾರ ಅಥವಾ ಮೂರ್ಛೆರೋಗವು ಶಾಪವಲ್ಲ, ಸೋಂಕೂ ಅಲ್ಲ. ಮಿದುಳಿಗೆ ಸಂಬಂಧಿಸಿದ ಕಾಯಿಲೆ. ಸೂಕ್ತ ಚಿಕಿತ್ಸೆ ದೊರೆತರೆ ಶೇ. 70ರಷ್ಟು ರೋಗಿಗಳು ಸೆಳವಿಲ್ಲದೆ ಬಾಳಬಲ್ಲರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದರೆ ಗುಳಿಗೆಯನ್ನು ವರ್ಷಗಟ್ಟಲೆ, ದಿನವೂ ತಪ್ಪದೆ ಸೇವಿಸಬೇಕು. ಜತ್ತ ತಾಲೂಕಿನ ವಳಸಂಗದಂತಹ, ಮಳೆಯನ್ನೇ ನಂಬಿದ ಊರುಗಳಲ್ಲಿ ಕೂಲಿ ನಿಂತ ತಿಂಗಳು ಗುಳಿಗೆಯೂ ನಿಲ್ಲುವ ಅಪಾಯವುಂಟು. ಹಾಗೆ ಹಠಾತ್ತನೆ ನಿಲ್ಲಿಸಿದರೆ ಸೆಳವು ಮರುಕಳಿಸಬಹುದು; ಕೆಲವೊಮ್ಮೆ ನಿಲ್ಲದೆ ಮುಂದುವರಿದು ಪ್ರಾಣಕ್ಕೇ ಎರವಾಗಬಹುದು.

ಹೊಸ ಔಷಧಕ್ಕೆ ಪೇಟೆಂಟ್ ಇರುವವರೆಗೆ ಅದರ ಒಡೆತನದ ಕಂಪನಿ ಹೇಳಿದ್ದೇ ಬೆಲೆ. ಅವಧಿ ಮುಗಿದ ಮೇಲೆ ಅದೇ ರಾಸಾಯನಿಕವನ್ನು ಅನೇಕರು ತಯಾರಿಸುತ್ತಾರೆ. ಇವೇ ಜೆನೆರಿಕ್ ಔಷಧಗಳು. ತಯಾರಕರು ಹೆಚ್ಚಿದಂತೆ ಬೆಲೆ ಇಳಿಯುತ್ತದೆ. 1970ರ ಭಾರತೀಯ ಪೇಟೆಂಟ್ ಕಾಯ್ದೆಯು ಔಷಧದ ತಯಾರಿಕಾ ವಿಧಾನಕ್ಕೆ ಮಾತ್ರ ಪೇಟೆಂಟ್ ನೀಡಿದ್ದರಿಂದ ನಮ್ಮಲ್ಲಿ ಈ ಸ್ಪರ್ಧೆ ಬೇಗನೆ ಬೆಳೆಯಿತು. 2005ರಿಂದ ಔಷಧಕ್ಕೂ ಪೇಟೆಂಟ್ ದೊರೆಯುತ್ತಿದೆ.

ಅಗ್ಗವೆಂದರೆ ಕೀಳಲ್ಲ. ಕರ್ನಾಟಕದ ಯಳಂದೂರಿನ ಹಳ್ಳಿಗಳಲ್ಲಿ ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು ರೋಗಿಗಳಿಗೆ ಫಿನೋಬಾರ್ಬಿಟಾಲ್, ಫೆನಿಟಾಯಿನ್ ಎಂಬ ಹಳೆಯ, ಅಗ್ಗದ ಔಷಧಗಳನ್ನೇ ನೀಡಿದರು. 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಆ ಅಧ್ಯಯನವು ಹಳ್ಳಿಯಲ್ಲಿಯೂ ಇವುಗಳಿಂದ ರೋಗವನ್ನು ಹತೋಟಿಗೆ ತರಬಹುದೆಂದು ತೋರಿಸಿತು.

ಆದರೂ ಸ್ಪರ್ಧೆಯ ಫಲ ತಾನಾಗಿ ರೋಗಿಗೆ ತಲುಪದು. ಒಂದೇ ಔಷಧ ಹಲವು ವ್ಯಾಪಾರಿ ಹೆಸರುಗಳಲ್ಲಿ, ಹಲವು ಬೆಲೆಗಳಲ್ಲಿ ದೊರೆಯುತ್ತದೆ. ಆಯ್ಕೆ ಮಾಡುವವನು ಹಣ ಕೊಡುವವನಲ್ಲ, ಚೀಟಿ ಬರೆಯುವವನು. ಈ ಕಾರಣದಿಂದಲೇ ಜನೌಷಧಿ ಮಳಿಗೆಗಳೂ ಗರಿಷ್ಠ ಬೆಲೆಯ ನಿಯಮವೂ ಬಂದವು. 2013ರ ಆದೇಶದಂತೆ, ಮಾರುಕಟ್ಟೆಯಲ್ಲಿ ಶೇ. 1 ಅಥವಾ ಹೆಚ್ಚು ಪಾಲುಳ್ಳ ತಯಾರಕರು ಅಂಗಡಿಗೆ ಕೊಡುವ ಬೆಲೆಗಳ ಸರಾಸರಿಗೆ ಶೇ. 16 ಲಾಭಾಂಶ ಸೇರಿಸಿ ಅಗತ್ಯ ಔಷಧಗಳ ಗರಿಷ್ಠ ಬೆಲೆಯನ್ನು ಗೊತ್ತುಪಡಿಸಲಾಗುತ್ತದೆ.

ತರಗತಿ ಚಟುವಟಿಕೆ

ಐದು ಕಂಪನಿಗಳು ಒಂದು ಗುಳಿಗೆಯನ್ನು ಅಂಗಡಿಗೆ ರೂ. 2, 3, 4, 5, 6ಕ್ಕೆ ಕೊಡುತ್ತವೆಂದು ಭಾವಿಸಿರಿ. ಸರಾಸರಿ ರೂ. 4; ಶೇ. 16 ಸೇರಿದರೆ ರೂ. 4.64. ದಿನಕ್ಕೆ ಎರಡರಂತೆ 30 ದಿನಗಳಿಗೆ ರೂ. 278.40. ಅತಿ ಅಗ್ಗದ ಗುಳಿಗೆಗೂ ಅದೇ ಲಾಭಾಂಶ ಸೇರಿಸಿದರೆ ತಿಂಗಳಿಗೆ ರೂ. 139.20. ವರ್ಷದ ಉಳಿತಾಯವನ್ನು ವಿದ್ಯಾರ್ಥಿಗಳೇ ಕಂಡುಹಿಡಿಯಲಿ. (ಉತ್ತರ: ರೂ. 1670.40)

ಶಿಕ್ಷಕರಿಗೆ ಸೂಚನೆ

ತರಗತಿಯಲ್ಲಿ ಈ ಕಾಯಿಲೆಯುಳ್ಳ ಮಗುವಿದ್ದರೆ ಹೆಸರೆತ್ತದೆ ಪಾಠ ನಡೆಸಬೇಕು. ಕಬ್ಬು ಕಡಿಯಲು ವಲಸೆ ಹೋಗುವ ಪಾಲಕರಿಗೆ, ಹೊರಡುವ ಮುನ್ನವೇ ಸಾಕಷ್ಟು ಗುಳಿಗೆ ಮತ್ತು ವೈದ್ಯರ ಚೀಟಿಯನ್ನು ಜೊತೆಗಿಟ್ಟುಕೊಳ್ಳುವಂತೆ ತಿಳಿಸಬೇಕು. ಅಗ್ಗದ ಗುಳಿಗೆಗೆ ಬದಲಾಯಿಸುವುದಾದರೆ ವೈದ್ಯರನ್ನು ಕೇಳಿಯೇ ಬದಲಾಯಿಸಲಿ. ಹಣವಿಲ್ಲವೆಂದು ನಿಲ್ಲಿಸುವುದು ಮಾತ್ರ ಸಲ್ಲದು.

ಅಭ್ಯಾಸ

1. ಪೇಟೆಂಟ್ ಮುಗಿದ ಮೇಲೆ ಔಷಧದ ಬೆಲೆ ಇಳಿಯುವುದೇಕೆ?
2. ತಯಾರಕರು ಹಲವರಿದ್ದರೂ ರೋಗಿ ಹೆಚ್ಚು ಬೆಲೆ ತೆರುವುದು ಹೇಗೆ?