ಸಾಕ್ಷಿಕಟ್ಟೆಯಲ್ಲಿ ಒಂದು ‘ಹೂಂ’

ಅಜ್ಜಿ ಕಥೆ ಹೇಳುವಾಗ ಮಕ್ಕಳು ಹೂಂಗುಟ್ಟಬೇಕೆಂಬುದು ನಮ್ಮ ಮನೆಗಳ ಹಳೆಯ ಪದ್ಧತಿ. ಹೂಂಗುಟ್ಟುವವರಿಲ್ಲದಿದ್ದರೆ ಕಥೆ ಮುಂದೆ ಸಾಗದು. ಅಲ್ಲಿ ‘ಹೂಂ’ ಎಂದರೆ ‘ಕೇಳುತ್ತಿದ್ದೇನೆ, ಮುಂದೆ ಹೇಳು’ ಎಂದಷ್ಟೇ ಅರ್ಥ. ಊಟವಾಯಿತೇ ಎಂಬ ಪ್ರಶ್ನೆಗೆ ಅದೇ ಮಗು ‘ಹೂಂ’ ಎಂದರೆ ‘ಆಯಿತು’ ಎಂದರ್ಥ. ಬೇಸರದ ‘ಹೂಂ’ಗೆ ಮೂರನೆಯ ಅರ್ಥವುಂಟು. ಮನೆಯಲ್ಲಿ ನಮ್ಮ ಮುಖವನ್ನೂ ದನಿಯನ್ನೂ ಬಲ್ಲವರು ಕೇಳುವುದರಿಂದ ತೊಡಕಿಲ್ಲ. ನ್ಯಾಯಾಲಯದಲ್ಲಿ ತೊಡಕುಂಟು. ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ, ನನ್ನ ತಪ್ಪಿನಿಂದಲೇ ಕಲಿತೆನು.

ಕೆಲವು ವರ್ಷಗಳ ಹಿಂದೆ, ಹಳೆಯ ವಿದ್ಯಾರ್ಥಿಯೊಬ್ಬನ ವಯಸ್ಸಿನ ವಿಷಯವಾಗಿ ಶಾಲೆಯ ದಾಖಲಾತಿ ಪುಸ್ತಕದೊಡನೆ ಹಾಜರಾಗಬೇಕೆಂದು ನನಗೆ ಸಮನ್ಸು ಬಂದಿತು. (ಇಂತಹ ಮಕ್ಕಳ ಗುರುತನ್ನು ಪ್ರಕಟಿಸಕೂಡದೆಂದು ಕಾನೂನೇ ಇದೆ, ನಾನೂ ಹೇಳುವುದಿಲ್ಲ.) ಘಟನೆ ನಡೆದ ದಿನ ಅವನಿಗೆ 18 ತುಂಬಿತ್ತೋ ಇಲ್ಲವೋ ಎಂಬುದೊಂದೇ ಪ್ರಶ್ನೆ. ತುಂಬಿರದಿದ್ದರೆ ಅವನ ವಿಷಯ ಹೋಗಬೇಕಾದದ್ದು ಬಾಲನ್ಯಾಯ ಮಂಡಳಿಗೆ. ತುಂಬಿದ್ದರೆ ದೊಡ್ಡವರ ಸಾಲಿಗೆ. 2015ರ ಬಾಲನ್ಯಾಯ ಕಾಯಿದೆಯ 94ನೆಯ ಕಲಮಿನಂತೆ ಮೊದಲು ನೋಡತಕ್ಕದ್ದು ಶಾಲೆ ಕೊಟ್ಟ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಮೆಟ್ರಿಕ್ಯುಲೇಷನ್ ಪ್ರಮಾಣಪತ್ರ. ಅದಿಲ್ಲದಿದ್ದರೆ ಪುರಸಭೆಯ ಅಥವಾ ಪಂಚಾಯತಿಯ ಜನನಪತ್ರ. ಯಾವುದೂ ಇಲ್ಲದಿದ್ದಾಗ ಮಾತ್ರ ಎಲುಬಿನ ವೈದ್ಯಪರೀಕ್ಷೆ. ಪೋಷಕರು ಇದನ್ನು ಗಮನಿಸಬೇಕು: ಒಂದನೆಯ ತರಗತಿಗೆ ಸೇರಿಸುವ ದಿನ ಅವಸರದಲ್ಲಿ ಬರೆಸುವ ತಾರೀಖಿಗೆ ಇಷ್ಟು ತೂಕವುಂಟು.

ಸಾಕ್ಷಿಕಟ್ಟೆ ಹತ್ತಿ ತಮಿಳಿನಲ್ಲಿ ಪ್ರಮಾಣ ಮಾಡಿದೆನು. ಮೊಬೈಲಿನ ಸದ್ದಡಗಿಸಿದ್ದೆನೇ ಹೊರತು ಅದನ್ನು ಆರಿಸಿರಲಿಲ್ಲ. ಪಾಟೀಸವಾಲಿನ ನಡುವೆ ಅದು ಜೇಬಿನಲ್ಲಿ ನಡುಗತೊಡಗಿತು; ನಿಂತಿತು; ಮತ್ತೆ ನಡುಗಿತು. ಮನೆಯಲ್ಲಿ ಏನಾಯಿತೋ ಎಂದು ಮನಸ್ಸು ಅತ್ತ ಓಡಿತು. ಅಷ್ಟರಲ್ಲಿ ವಕೀಲರು, “ಈ ತಾರೀಖನ್ನು ತಂದೆ ಬಾಯಲ್ಲಿ ಹೇಳಿದಂತೆ ಬರೆದುಕೊಂಡಿರಿ, ಯಾವ ಪತ್ರವನ್ನೂ ನೋಡಲಿಲ್ಲ, ಅಲ್ಲವೇ ಸಾರ್?” ಎಂದರು. ನಾನು ‘ಹೂಂ’ ಎಂದೆನು. ಪ್ರಶ್ನೆ ಕಿವಿಗೆ ಬಿದ್ದಿತೆಂಬುದಷ್ಟೇ ನನ್ನ ಭಾವ. ವಕೀಲರು ಬಿಡುವರೇ? “ಸಾಕ್ಷಿ ಒಪ್ಪಿದ್ದಾರೆ” ಎಂದರು. ಬೆರಳಚ್ಚುಗಾರರ ಕೈ ಆಗಲೇ ಆಡತೊಡಗಿತ್ತು.

ನ್ಯಾಯಾಧೀಶರು ಅವರನ್ನು ತಡೆದು ನನ್ನತ್ತ ತಿರುಗಿ, “ಮುಖ್ಯೋಪಾಧ್ಯಾಯರೇ, ‘ಹೂಂ’ ಎಂಬುದನ್ನು ನಾನು ಏನೆಂದು ಬರೆಸಲಿ? ಹೌದೆಂದೇ, ಅಲ್ಲವೆಂದೇ?” ಎಂದು ಕೇಳಿದರು. ನನಗೆ ನೆಲ ಬಾಯಿಬಿಡಬಾರದೇ ಎನಿಸಿತು. ಕ್ಷಮೆ ಕೋರಿ, ಪುಸ್ತಕದ ಆ ಪುಟದಲ್ಲೇ ಪಂಚಾಯತಿಯ ಜನನಪತ್ರದ ಸಂಖ್ಯೆ ಬರೆದಿರುವುದನ್ನು ತೋರಿಸಿದೆನು. ಮೊಬೈಲನ್ನು ಗುಮಾಸ್ತರ ಮೇಜಿನ ಮೇಲೆ ಇಡಿಸಿದರು. ಕರೆದವರು ಯಾರೆಂದು ಸಂಜೆ ನೋಡಿದರೆ, ಸಾಲ ಬೇಕೇ ಎಂದು ವಿಚಾರಿಸುವ ಕಂಪನಿಯವರು!

ನ್ಯಾಯಾಲಯ ಮಾತನ್ನು ಕೇಳಿ ಬಿಡುವ ಸ್ಥಳವಲ್ಲ, ಬರೆದಿಡುವ ಸ್ಥಳ. ನಮ್ಮ ತೇನಿ, ದಿಂಡುಕ್ಕಲ್ ಜಿಲ್ಲೆಗಳ ಮೊಕದ್ದಮೆಗಳು ಮೇಲ್ಮನವಿಯಾಗಿ 2004ರ ಜುಲೈ 24ರಂದು ಪ್ರಾರಂಭವಾದ ಮಧುರೆಯ ಉಚ್ಚ ನ್ಯಾಯಾಲಯದ ಪೀಠಕ್ಕೆ ಹೋಗಬಹುದು. ಅಲ್ಲಿಯವರು ಸಾಕ್ಷಿಯ ಮುಖವನ್ನು ಕಾಣರು. ಕಾಗದವನ್ನು ಮಾತ್ರ ಓದುತ್ತಾರೆ, ಅದೂ ತಮಿಳಿನಿಂದ ಇಂಗ್ಲಿಷಿಗೆ ತಿರುಗಿದ ಮೇಲೆ. ಮನಸ್ಸಿನಲ್ಲಿ ಕನ್ನಡವಾಗಿ ಹುಟ್ಟಿದ ಒಂದು ಹುಂಕಾರ ಈ ಎರಡು ಹೊಳೆಗಳನ್ನು ದಾಟಿ ಯಾವ ರೂಪದಲ್ಲಿ ದಡ ಸೇರುವುದೋ ಯಾರು ಬಲ್ಲರು? ಇಷ್ಟಲ್ಲದೆ, ಸಾಕ್ಷಿಯ ನಡವಳಿಕೆಯ ಬಗ್ಗೆ ಟಿಪ್ಪಣಿ ಬರೆಯುವ ಅಧಿಕಾರವೂ ನ್ಯಾಯಾಧೀಶರಿಗುಂಟು. ಸಿವಿಲ್ ಪ್ರಕ್ರಿಯಾ ಸಂಹಿತೆಯ 18ನೆಯ ಆದೇಶದ 12ನೆಯ ನಿಯಮ ಅದನ್ನೇ ಹೇಳುತ್ತದೆ. ಜೇಬಿನತ್ತ ಪದೇ ಪದೇ ಇಣುಕುವವನು ಏನನ್ನೋ ಮರೆಮಾಚುವವನಂತೆ ಕಂಡರೆ ಆಶ್ಚರ್ಯವೇನು?

ಇಂಗ್ಲಿಷ್ ಬಲ್ಲವರು ತಮಗೆ ಈ ಪಾಠ ಬೇಡವೆಂದುಕೊಳ್ಳಬಾರದು. 2024ರ ಸೆಪ್ಟೆಂಬರ್ 30ರಂದು ಸರ್ವೋಚ್ಚ ನ್ಯಾಯಾಲಯದಲ್ಲಿ ಕಕ್ಷಿದಾರರೊಬ್ಬರು ‘ಯಾ, ಯಾ’ ಎನ್ನಲು, ಅಂದಿನ ಮುಖ್ಯ ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡರು ಇದು ಕಾಫಿ ಅಂಗಡಿಯಲ್ಲವೆಂದು ಆಕ್ಷೇಪಿಸಿದರು. 2025ರಲ್ಲಿ ಗುಜರಾತಿನ ಉಚ್ಚ ನ್ಯಾಯಾಲಯದ ಕಲಾಪಕ್ಕೆ ಶೌಚಾಲಯದಲ್ಲಿ ಕುಳಿತೇ ಮೊಬೈಲಿನ ಮೂಲಕ ಹಾಜರಾದವನು ದಂಡ ತೆರಬೇಕಾಯಿತು. ನ್ಯಾಯಾಲಯವು ಮೊಬೈಲಿನೊಳಗೆ ಬಂದಿತೆಂದ ಮಾತ್ರಕ್ಕೆ ಅದು ನ್ಯಾಯಾಲಯವಲ್ಲದೆ ಹೋಗದು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಕಂಬಂ ಕಣಿವೆಯ ಎಷ್ಟೋ ಮನೆಗಳಲ್ಲಿ ತಲೆಮಾರುಗಳಿಂದ ಒಳಗೆ ಕನ್ನಡ, ಬೀದಿಗೆ ತಮಿಳು. ಆ ಮನೆಗನ್ನಡ ಪುಸ್ತಕದ ಕನ್ನಡದಂತಿಲ್ಲವೆಂದು ನಮ್ಮ ಮಕ್ಕಳು ನಾಚುವುದನ್ನು ಕಂಡಿದ್ದೇನೆ. ಅದು ಹಗುರ ಮಾತಲ್ಲ. ಅದಕ್ಕೆ ಅದರದೇ ಮರ್ಯಾದೆಯುಂಟು. ಹೊಲದಿಂದ ನೇರವಾಗಿ ಬಂದ ರೈತನು ತನ್ನ ಊರಿನ ಮಾತಿನಲ್ಲೇ ‘ಆಮಾಂಗ’ ಎಂದರೆ ಅದು ತುಂಬು ಗೌರವದ, ಸ್ಪಷ್ಟವಾದ ಉತ್ತರ. ನನ್ನ ‘ಹೂಂ’ಗಿಂತ, ಆ ‘ಯಾ’ಗಿಂತ ಅದು ಎಷ್ಟೋ ಮೇಲು. ಮತ್ತೂ ಒಂದು: ಜಗಳದಲ್ಲಿ ಒಬ್ಬನು ಕೆಟ್ಟ ಮಾತಾಡಿದ್ದನ್ನು ಸಾಕ್ಷಿ ನುಡಿಯಬೇಕಾದರೆ, ಆ ಮಾತನ್ನು ತೊಳೆದು ಸಭ್ಯವಾಗಿ ಹೇಳಕೂಡದು. ಅವನಾಡಿದ ಹಾಗೆಯೇ ಹೇಳಬೇಕು. ಅಲ್ಲಿ ಸಭ್ಯತೆಗಿಂತ ನಿಜ ದೊಡ್ಡದು.

ಮೊಬೈಲನ್ನು ಹೊರಗಿಡುವುದು ನಮಗೆ ಹೊಸದೇನಲ್ಲ. 2022ರ ಡಿಸೆಂಬರಿನಲ್ಲಿ ಮಧುರೆಯ ಪೀಠವು ದೇವಾಲಯಗಳೊಳಗೆ ಮೊಬೈಲು ಕೂಡದೆಂದು ಆಜ್ಞೆ ಮಾಡಿತು. ಮರುವರ್ಷ ಪಳನಿಯಲ್ಲಿ ಅದು ಜಾರಿಗೆ ಬಂದಿತು. ಬೆಟ್ಟ ಹತ್ತುವವರು ಗೊಣಗದೆ ಒಪ್ಪಿಸಿ ಹೋಗುತ್ತಾರೆ.

ಸಮನ್ಸು ಬಂದ ಪೋಷಕರು ಹೆದರಬೇಕಾದದ್ದಿಲ್ಲ. ಪ್ರಶ್ನೆ ತಿಳಿಯದಿದ್ದರೆ ‘ಮತ್ತೊಮ್ಮೆ ಹೇಳಿ’ ಎನ್ನಬಹುದು. ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ’ ಎನ್ನಬಹುದು. ತಲೆಯಾಡಿಸದೆ ಬಾಯಿಬಿಟ್ಟು ಹೇಳಬೇಕು. ಕ್ರಿಮಿನಲ್ ಮೊಕದ್ದಮೆಗಳಲ್ಲಿ ಬರೆದುಕೊಂಡ ಹೇಳಿಕೆಯನ್ನು ಸಾಕ್ಷಿಗೆ ಓದಿ ಕೇಳಿಸಿ, ತಪ್ಪಿದ್ದರೆ ತಿದ್ದತಕ್ಕದ್ದೆಂಬ ನಿಯಮವುಂಟು. ಹಿಂದಿನ 1973ರ ಸಂಹಿತೆಯಲ್ಲಿದ್ದ ಈ ನಿಯಮ, 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಉಳಿದಿದೆ. ಆ ಓದುವಿಕೆ ಬೇಗ ಮುಗಿದುಹೋಗುತ್ತದೆ, ಕಿವಿಗೊಟ್ಟು ಕೇಳಬೇಕು. ನನ್ನದನ್ನು ಓದಿದಾಗ ಹುಡುಗನು ಶಾಲೆಗೆ ಸೇರಿದ ತಿಂಗಳು ಜೂನ್ ಇದ್ದದ್ದು ಜುಲೈ ಆಗಿತ್ತು. ಹೇಳಿದೆನು. ತಿದ್ದಿದರು. ಆಮೇಲೆ ರುಜು ಹಾಕಿದೆನು.